ಎದೆಹಾಲಿನ ಪಂಪು: ಯಾರಿಗೆ, ಯಾವಾಗ, ಎಂಥದ್ದು?

ಈಗೀಗ ಸೀಮಂತ ಮುಗಿಯುತ್ತಿದ್ದಂತೆ ಆಸ್ಪತ್ರೆಗೆ ಒಯ್ಯಬೇಕಾದ ಸಾಮಾನಿನ ಪಟ್ಟಿ ಬಸುರಿಯ ಮೊಬೈಲಿಗೆ ಬಂದು ಬೀಳುತ್ತದೆ. ಕುಲಾವಿ, ಲಂಗೋಟಿ, ಡಯಾಪರ್, ಮುಂದೆ ಗುಂಡಿಯಿರುವ ನೈಟಿ, ಜೊತೆಗೊಂದು ಎದೆಹಾಲಿನ ಪಂಪು. ಅಕ್ಕನೋ ಓರಗಿತ್ತಿಯೋ ಅದನ್ನು ಉಡುಗೊರೆಯಾಗಿ ಕೊಡುವುದೂ ಉಂಟು. ಕೈಯಲ್ಲಿ ಒತ್ತುವ ಸಾದಾ ಪಂಪು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಎರಡೂ ಎದೆಗೆ ಒಟ್ಟಿಗೆ ಹಾಕುವ ವಿದ್ಯುತ್ ಪಂಪುಗಳ ಬೆಲೆ ಹತ್ತಿಪ್ಪತ್ತು ಸಾವಿರಕ್ಕೂ ಏರುತ್ತದೆ. ಹೀಗಾಗಿ ಯಾವ ಕಂಪನಿಯದು ಒಳ್ಳೆಯದು ಎಂಬ ಚರ್ಚೆ ಮಗು ಹುಟ್ಟುವ ಮೊದಲೇ ಶುರುವಾಗುತ್ತದೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಈ ತಾಯಿಗೆ ಪಂಪು ಏತಕ್ಕೆ ಬೇಕು ಎನ್ನುವುದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕರೆ ಮಾದರಿಯ ಆಯ್ಕೆ ಬಹುಪಾಲು ತಾನಾಗಿಯೇ ಆಗುತ್ತದೆ. ಉತ್ತರವಿಲ್ಲದೆ ಕೊಂಡರೆ ಎಷ್ಟು ದುಬಾರಿಯದಾದರೂ ಅಟ್ಟ ಸೇರುತ್ತದೆ, ಇಲ್ಲವೇ ಬೇಡದ ತೊಂದರೆಯನ್ನು ತರುತ್ತದೆ.

ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವುದು ಗಿಣ್ಣುಹಾಲು. ಹಳದಿ ಬಣ್ಣದ, ಮಂದವಾದ ಹಾಲು. ಒಂದೊಂದು ಸಲಕ್ಕೆ ಬರುವುದು ಚಮಚದ ಲೆಕ್ಕದಲ್ಲಿ. ಆ ದಿನಗಳಲ್ಲಿ ಪಂಪು ಹಾಕಿದರೆ ಬಂದ ನಾಲ್ಕು ಹನಿ ಅದರ ಗೋಡೆಗೇ ಅಂಟಿಕೊಳ್ಳುತ್ತದೆ. ಖಾಲಿ ಬಾಟಲಿ ನೋಡಿದ ಬಾಣಂತಿ ತನಗೆ ಹಾಲೇ ಇಲ್ಲ ಎಂದು ಅಳತೊಡಗುತ್ತಾಳೆ. ಸಾಮಾನ್ಯವಾಗಿ ಐದು ದಿನದೊಳಗೆ ಎದೆ ತುಂಬಿಕೊಳ್ಳುತ್ತದೆ. ಸಿಸೇರಿಯನ್ ಆದವರಿಗೆ ಸ್ವಲ್ಪ ತಡವಾಗಬಹುದು. ಅಲ್ಲಿಂದ ಮುಂದೆ ಎಷ್ಟು ಹಾಲು ಹೊರಗೆ ಹೋಗುತ್ತದೋ ಅಷ್ಟು ಹಾಲು ತಯಾರಾಗುತ್ತದೆ. ತಯಾರಿಸುವ ಕೆಲಸ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನದು. ರಾತ್ರಿ ಹೊತ್ತಿನಲ್ಲಿ ಅದರ ಮಟ್ಟ ಹೆಚ್ಚು. ಹಾಲನ್ನು ಹೊರಗೆ ಬಿಡಿಸುವುದು ಆಕ್ಸಿಟೋಸಿನ್. ನೋವು, ಭಯ, ಅವಸರಗಳಿದ್ದರೆ ಈ ಎರಡನೆಯದು ಹಿಂಜರಿಯುತ್ತದೆ. ಕೊಟ್ಟಿಗೆಯಲ್ಲಿ ಕರುವನ್ನು ಮೊದಲು ಬಿಟ್ಟು, ಹಸು ಸೊರ ಬಿಟ್ಟ ಮೇಲೆ ಕರೆಯಲು ಕೂರುವುದನ್ನು ನೋಡಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎಳೆಯುವ ಬಲವೊಂದರಿಂದಲೇ ಹಾಲು ಬರುವುದಿಲ್ಲ. ಒಳ್ಳೆಯ ವಿದ್ಯುತ್ ಪಂಪುಗಳು ಮಗು ಚೀಪುವ ಕ್ರಮವನ್ನೇ ಅನುಕರಿಸುತ್ತವೆ: ಮೊದಲು ನಿಮಿಷಕ್ಕೆ ನೂರಿಪ್ಪತ್ತರಷ್ಟು ಹಗುರವಾದ, ಚುರುಕಾದ ಎಳೆತ, ಹಾಲು ಇಳಿದ ಮೇಲೆ ಅದರ ಅರ್ಧದಷ್ಟು ವೇಗದಲ್ಲಿ ನಿಧಾನವಾದ, ಆಳವಾದ ಎಳೆತ.

ಪಂಪು ಮಾಡುವ ದೊಡ್ಡ ಅನ್ಯಾಯವೆಂದರೆ ಅದು ಅಳತೆಗೋಲಾಗಿಬಿಡುವುದು. ಮಗು ಚೀಪಿದಾಗ ಎಷ್ಟು ಕುಡಿಯಿತೆಂದು ಯಾರೂ ನೋಡಲಾರರು, ಬಾಟಲಿಯ ಮೇಲಿನ ಗೆರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಅತ್ತೆ ನೋಡುತ್ತಾರೆ, ಗಂಡ ನೋಡುತ್ತಾನೆ, ತವರಿಗೆ ಬಂದ ನೆಂಟರೂ ಕೇಳುತ್ತಾರೆ. ಆದರೆ ಆಗಷ್ಟೇ ಮಗುವಿಗೆ ಕುಡಿಸಿ ಎದ್ದ ತಾಯಿಗೆ ಪಂಪಿನಲ್ಲಿ ಹೆಚ್ಚು ಹಾಲು ಬರದಿರುವುದು ಸಹಜ. ಮಗುವಿನಷ್ಟು ಚೆನ್ನಾಗಿ ಹಾಲು ತೆಗೆಯುವ ಯಂತ್ರವೂ ಇಲ್ಲ. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ನೋಡಬೇಕಾದದ್ದು ಮಗುವನ್ನು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದೆಯೇ, ಹುಟ್ಟಿದಾಗಿನ ತೂಕಕ್ಕೆ ಎರಡು ವಾರದ ಹೊತ್ತಿಗೆ ಮರಳಿದೆಯೇ? ಇವೆರಡೂ ಸರಿಯಿದ್ದರೆ ಬಾಟಲಿಯ ಗೆರೆಯನ್ನು ನಂಬಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಹಾಗಿದ್ದೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಶೇ. 41.8 ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದವರು ಶೇ. 63.7. ಈ ಕೊರತೆಯನ್ನು ಪಂಪು ತುಂಬುವುದಿಲ್ಲ. ಹೆರಿಗೆ ಕೋಣೆಯಲ್ಲೇ ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸಿ, ಬಾಯಿ ಸರಿಯಾಗಿ ಹಿಡಿಸಿಕೊಡುವ ನರ್ಸಮ್ಮ ತುಂಬಬಲ್ಲರು.

ಹಾಗಾದರೆ ಪಂಪು ನಿಜವಾಗಿ ಬೇಕಾದವರು ಯಾರು? ಎಲ್ಲರಿಗಿಂತ ಮೊದಲು, ಅವಧಿಗೆ ಮುನ್ನ ಹುಟ್ಟಿದ ಮಗುವಿನ ತಾಯಿ. ಮಗು ಎನ್‌ಐಸಿಯು ಎಂಬ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಚೀಪುವ ಶಕ್ತಿ ಬಂದಿಲ್ಲ. ತಾಯಿ ಇನ್ನೊಂದು ವಾರ್ಡಿನಲ್ಲಿ. ಇಂಥ ಮಗುವಿಗೆ ತಾಯಿಯ ಹಾಲು ಆಹಾರವೂ ಹೌದು, ಕರುಳನ್ನು ಸೋಂಕಿನಿಂದ ಕಾಯುವ ಮದ್ದೂ ಹೌದು. ಇಲ್ಲಿ ಕಾಯುವಂತಿಲ್ಲ. ಹೆರಿಗೆಯಾದ ಆರು ಗಂಟೆಯೊಳಗೆ ಹಾಲು ತೆಗೆಯಲು ತೊಡಗಬೇಕು, ದಿನಕ್ಕೆ ಎಂಟು ಸಲವಾದರೂ ತೆಗೆಯಬೇಕು, ಅದರಲ್ಲಿ ಒಂದು ಸಲ ರಾತ್ರಿಯಲ್ಲಾಗಬೇಕು. ಇದು ವಾರಗಟ್ಟಲೆ ನಡೆಯಬೇಕಾದ ದುಡಿಮೆ. ಈ ತಾಯಿಗೆ ಬೇಕಾದದ್ದು ಎರಡೂ ಕಡೆ ಒಟ್ಟಿಗೆ ತೆಗೆಯುವ, ಆಸ್ಪತ್ರೆ ದರ್ಜೆಯ ಗಟ್ಟಿ ಯಂತ್ರ. ಅದನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲೇಸು. ದೊಡ್ಡ ಊರುಗಳಲ್ಲಿ ಬಾಡಿಗೆಗೆ ಕೊಡುವವರಿದ್ದಾರೆ. ಯಂತ್ರ ಹಲವರದಾದರೂ ಎದೆಗೆ ತಾಗುವ, ಹಾಲು ಹರಿಯುವ ಭಾಗಗಳು ಒಬ್ಬೊಬ್ಬರಿಗೆ ಬೇರೆ ಬೇರೆ ಇರಬೇಕು.

ಆದರೆ ಈ ತಾಯಿಗೂ ಯಂತ್ರವೊಂದೇ ಸಾಲದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೇನ್ ಮಾರ್ಟನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅವಧಿಪೂರ್ವ ಶಿಶುಗಳ ತಾಯಂದಿರದೇ. ಮೊದಲ ಮೂರು ದಿನ ಪಂಪಿನ ಜೊತೆಗೆ ಕೈಯಿಂದಲೂ ಪದೇ ಪದೇ ಹಾಲು ತೆಗೆದವರಿಗೆ ವಾರಗಳು ಕಳೆದ ಮೇಲೆ ಹೆಚ್ಚು ಹಾಲಿತ್ತು. ಮಗುವನ್ನು ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯೂ ಹಾಲು ಹೆಚ್ಚಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಈ ಆರೈಕೆಯನ್ನು ಸರ್ಕಾರದ ಜೊತೆ ಸೇರಿ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲಿ, ಮನೆಗಳಲ್ಲಿ ನಡೆಸಿ ತೋರಿಸಿದೆ. ದುಬಾರಿ ಯಂತ್ರವಿಲ್ಲದ ಊರಿನಲ್ಲೂ ಆಗುವ ಕೆಲಸ ಇದು. ತಾಯಿಯ ಹಾಲು ಇನ್ನೂ ಬಾರದಿದ್ದಾಗ ಎದೆಹಾಲಿನ ಬ್ಯಾಂಕುಗಳಿವೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಆರಂಭಿಸಿದ್ದು ದೇಶದ ಮೊದಲನೆಯದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಒಂದಿದೆ. ಅಲ್ಲಿ ಹಾಲು ದಾನವಾಗಿ ಬರುತ್ತದೆ, ಸೋಂಕು ಕಳೆದ ಮೇಲೆ ಮಗುವಿಗೆ ಹೋಗುತ್ತದೆ. ಎದೆಹಾಲನ್ನು ಮಾರಾಟದ ಸರಕಾಗಿಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಎಚ್ಚರಿಸಿದ್ದು ಸರಿಯಾಗಿಯೇ ಇದೆ.

ಅಂಗುಳ ಸೀಳಿರುವ ಮಗುವಿನ ತಾಯಿಯದೂ ದೀರ್ಘಕಾಲದ ಅಗತ್ಯ. ಆ ಮಗುವಿಗೆ ಬಾಯಲ್ಲಿ ಎಳೆತ ಹುಟ್ಟಿಸಲು ಆಗುವುದಿಲ್ಲ. ತೊಟ್ಟು ಒಡೆದು ಒಂದೆರಡು ದಿನ ಮಗುವಿನ ಬಾಯಿಗೆ ಕೊಡಲಾಗದವರಿಗೆ ಕೈ ಅಥವಾ ಸಾದಾ ಪಂಪು ಸಾಕು.

ಎದೆ ಕಲ್ಲಿನಂತೆ ಕಟ್ಟಿ ನೋಯುವವರ ವಿಷಯದಲ್ಲಿ ನಮ್ಮ ಮನೆಗಳ ರೂಢಿಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಿದೆ. ಚೆನ್ನಾಗಿ ತಿಕ್ಕು, ಪೂರ್ತಿ ಖಾಲಿ ಮಾಡು ಎನ್ನುವುದು ಹಳೆಯ ಸಲಹೆ. ಸ್ತನ್ಯಪಾನ ವೈದ್ಯರ ಅಂತರರಾಷ್ಟ್ರೀಯ ಅಕಾಡೆಮಿ 2022ರಲ್ಲಿ ಎದೆಬಾವಿನ ಕುರಿತ ತನ್ನ ಮಾರ್ಗಸೂಚಿಯನ್ನು ಬದಲಿಸಿತು. ಬಲವಾಗಿ ಒತ್ತಿ ತಿಕ್ಕುವುದು, ಪಂಪಿನಿಂದ ಮತ್ತೆ ಮತ್ತೆ ಬರಿದು ಮಾಡುವುದು ಊತವನ್ನು ಹೆಚ್ಚಿಸುತ್ತದೆ ಎಂಬುದು ಈಗಿನ ತಿಳಿವಳಿಕೆ. ತಣ್ಣನೆಯ ಬಟ್ಟೆ, ಮಗುವಿಗೆ ಬೇಕಾದಷ್ಟೇ ಹಾಲು, ಬಿಗಿ ಕಳೆಯುವಷ್ಟು ಮಾತ್ರ ಕೈಯಿಂದ ತೆಗೆಯುವುದು. ಜ್ವರ ಇಳಿಯದಿದ್ದರೆ ವೈದ್ಯರು. ಹಾಲು ಕಡಿಮೆಯಾದೀತೆಂಬ ಭಯದಿಂದ ಮೊದಲ ತಿಂಗಳಲ್ಲೇ ಪ್ರತಿ ಸಲ ಕುಡಿಸಿದ ಮೇಲೂ ಪಂಪು ಹಾಕುವವರು ದೇಹಕ್ಕೆ ಇಬ್ಬರು ಮಕ್ಕಳಿದ್ದಾರೆಂಬ ಲೆಕ್ಕ ಕೊಟ್ಟಂತಾಗುತ್ತದೆ. ಆಮೇಲೆ ಎದೆ ಕಟ್ಟುವುದು ತಪ್ಪುವುದಿಲ್ಲ. ಆರೋಗ್ಯವಾಗಿ ಚೀಪುವ ಮಗು ಜೊತೆಗಿರುವ ತಾಯಿ ಮೊದಲ ನಾಲ್ಕಾರು ವಾರ ಪಂಪನ್ನು ಕೊಳ್ಳದಿರುವುದೇ ಒಳ್ಳೆಯದೆಂದು ನಾನು ಹೇಳುವುದು ಇದರಿಂದಲೇ.

ಉಳಿದವರು ಕೆಲಸಕ್ಕೆ ಮರಳುವ ತಾಯಂದಿರು. ಮಾರುಕಟ್ಟೆ ಕಣ್ಣಿಟ್ಟಿರುವುದು ಇವರ ಮೇಲೆ, ಪಂಪಿನ ಇತಿಹಾಸವೂ ಇವರ ಸುತ್ತಲೇ ತಿರುಗುತ್ತದೆ. ಅಮೆರಿಕದಲ್ಲಿ ಒ.ಎಚ್. ನೀಡಮ್ ಎಂಬಾತ 1854ರಲ್ಲೇ ಪಂಪೊಂದಕ್ಕೆ ಪೇಟೆಂಟ್ ಪಡೆದಿದ್ದ. 1920ರ ದಶಕದಲ್ಲಿ ಚದುರಂಗದಾಟದಲ್ಲಿ ಹೆಸರಾಗಿದ್ದ ಎಂಜಿನಿಯರ್ ಎಡ್ವರ್ಡ್ ಲಾಸ್ಕರ್ ವಿದ್ಯುತ್ತಿನದನ್ನು ಮಾಡಿದ. ಮೈಗೆ ಹಿತವಾದ ಯಂತ್ರ ಬಂದದ್ದು 1956ರಲ್ಲಿ, ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ಕೈಯಿಂದ. ಅವನ ಜೊತೆ ದುಡಿದ ನರ್ಸ್ ಮಾಯಾ ಕಿಂಡ್‌ಬರ್ಗ್ ಹೆಸರನ್ನೇ ಆ ಯಂತ್ರಕ್ಕೆ ಇಟ್ಟಿದ್ದರು. ಈ ವಿದ್ಯುತ್ ಪಂಪುಗಳು ಆಸ್ಪತ್ರೆಯ ಯಂತ್ರಗಳು. ಸ್ವಿಟ್ಜರ್ಲೆಂಡಿನ ಮೆಡೆಲಾ ಕಂಪನಿ 1991ರಲ್ಲಿ ಮನೆಬಳಕೆಯ ವಿದ್ಯುತ್ ಪಂಪನ್ನು ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಮೇಲೆ ಕಥೆ ಬದಲಾಯಿತು. ಸಂಬಳ ಸಹಿತ ಹೆರಿಗೆ ರಜೆಯ ರಾಷ್ಟ್ರೀಯ ಕಾನೂನೇ ಇಲ್ಲದ ಆ ದೇಶದಲ್ಲಿ ತಾಯಿ ಕೆಲವೇ ವಾರಗಳಲ್ಲಿ ಕೆಲಸಕ್ಕೆ ಹೋಗಬೇಕಿತ್ತು. ರಜೆ ಇಲ್ಲದ ಜಾಗದಲ್ಲಿ ಪಂಪು ಬಂದು ಕೂತಿತು. 2010ರ ಆರೋಗ್ಯ ಕಾಯ್ದೆಯ ನಂತರ ವಿಮೆಯಲ್ಲೇ ಪಂಪು ಕೊಡುವ ವ್ಯವಸ್ಥೆಯಾಯಿತು. ಅಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೂ ಅದು ಸಿಗುತ್ತದೆ. ತಂಗಿಗಿರಲಿ ಎಂದು ಊರಿಗೆ ತಂದವರು ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದು ಬರೆದಿದೆಯೇ ನೋಡಬೇಕು. ಬರೀ 110-120 ಎಂದಿದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿದೊಡನೆ ಸುಟ್ಟುಹೋಗುತ್ತದೆ.

ನಮ್ಮಲ್ಲಿ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿತು. ಹೆರಿಗೆಗೆ ಮುಂಚೆ ರಜೆ ತೆಗೆದುಕೊಂಡರೆ ಕೈಯಲ್ಲಿ ಉಳಿಯುವುದು ನಾಲ್ಕೈದು ತಿಂಗಳು. ಮೂರನೆಯ ಮಗುವಾದರೆ ರಜೆ 12 ವಾರ ಮಾತ್ರ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮ, ಐವತ್ತು ಮಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರ, ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಹಕ್ಕನ್ನೂ ಕಾನೂನು ಕೊಟ್ಟಿದೆ. ಹಾಲು ತೆಗೆಯಲು ಪ್ರತ್ಯೇಕ ಕೋಣೆಯ ಮಾತನ್ನು ಆ ತಿದ್ದುಪಡಿ ಆಡುವುದಿಲ್ಲ. ಪಂಪು ಆರಿಸುವ ಮುನ್ನ ತಾಯಿ ಕೇಳಿಕೊಳ್ಳಬೇಕಾದದ್ದು ಇದನ್ನೇ: ಕಚೇರಿಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇದೆಯೇ? ಪ್ಲಗ್ ಇದೆಯೇ? ಕೈ ತೊಳೆಯಲು ನೀರು? ಫ್ರಿಜ್? ಕೋಣೆಯೂ ಕರೆಂಟೂ ಇದ್ದರೆ ಎರಡೂ ಕಡೆ ಹಾಕುವ ವಿದ್ಯುತ್ ಪಂಪು ಹದಿನೈದಿಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಪ್ಲಗ್ ಇಲ್ಲದಿದ್ದರೆ ಬ್ಯಾಟರಿಯದು. ದಿನಕ್ಕೆ ಒಂದೇ ಸಲ ತೆಗೆದರೆ ಸಾಕಾಗುವ ಶಾಲಾ ಶಿಕ್ಷಕಿಗೆ ಕೈಪಂಪು ಧಾರಾಳ ಸಾಕು. ಒಂದರಿಂದ ಆರು ತಿಂಗಳವರೆಗೆ ಮಗು ಕುಡಿಯುವ ಹಾಲು ದಿನಕ್ಕೆ ಸುಮಾರು 750 ಮಿಲಿಲೀಟರಿನ ಆಸುಪಾಸು, ಅಂದರೆ ಗಂಟೆಗೆ 30ರಷ್ಟು. ಎಂಟು ಗಂಟೆ ದೂರವಿರುವ ತಾಯಿ ಬಿಟ್ಟುಹೋಗಬೇಕಾದದ್ದು 250ರಷ್ಟು ಹಾಲು. ಮೊಬೈಲಿನಲ್ಲಿ ಕಾಣುವ ತುಂಬಿತುಳುಕುವ ಫ್ರೀಜರಿನ ಚಿತ್ರಗಳಿಗೂ ಈ ಅಗತ್ಯಕ್ಕೂ ಸಂಬಂಧವಿಲ್ಲ.

ಯಾವ ಪಂಪು ಶ್ರೇಷ್ಠ ಎಂಬುದನ್ನು ವಿಜ್ಞಾನ ತೀರ್ಮಾನಿಸಿದೆಯೇ? ಹಾಲು ತೆಗೆಯುವ ವಿಧಾನಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆ ಯಾವೊಂದು ಪಂಪಿಗೂ ಪಟ್ಟ ಕಟ್ಟಲಿಲ್ಲ. ಮನಸ್ಸನ್ನು ಸಡಿಲಗೊಳಿಸುವುದು, ಎದೆಯನ್ನು ಬೆಚ್ಚಗೆ ಮಾಡುವುದು, ಹಗುರ ಮಾಲೀಸು, ಕೈಯಿಂದ ತೆಗೆಯುವುದು, ಅಗ್ಗದ ಪಂಪು, ಇವು ಕೆಲವು ವಿಷಯಗಳಲ್ಲಿ ದೊಡ್ಡ ವಿದ್ಯುತ್ ಪಂಪಿಗೆ ಸಮ ಅಥವಾ ಮೇಲು ಎಂದಿತು. ಪಂಪುಗಳನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ಬಹಳಷ್ಟಕ್ಕೆ ತಯಾರಕರ ನೆರವಿತ್ತೆಂಬುದನ್ನೂ ಅದು ಗುರುತಿಸಿತು. ನಮ್ಮ ದೇಶದ 1992ರ ಕಾಯ್ದೆ ಹಾಲಿನ ಪುಡಿ ಮತ್ತು ಹಾಲೂಡಿಸುವ ಬಾಟಲಿಗಳ ಜಾಹೀರಾತನ್ನು ನಿಷೇಧಿಸಿದೆ. ಪಂಪು ಆ ಪಟ್ಟಿಯಲ್ಲಿಲ್ಲ. ಅದರ ಜಾಹೀರಾತಿನ ಮಾತುಗಳನ್ನು ಅಳೆದು ತೂಗುವ ಕೆಲಸ ಕೊಳ್ಳುವವರ ಮೇಲೇ ಬಿದ್ದಿದೆ.

ಎಳೆತದ ಅಂಕಿಯನ್ನೇ ತೆಗೆದುಕೊಳ್ಳಿ. ನಮ್ಮದು 300 ಎಂಎಂಎಚ್‌ಜಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಎಳೆತ ಹೆಚ್ಚಿದಷ್ಟೂ ಹಾಲು ಹೆಚ್ಚುವುದಿಲ್ಲ. ನೋವಾದರೆ ಹಾಲು ಇಳಿಯುವುದೇ ನಿಲ್ಲುತ್ತದೆ. ನೋವಿಲ್ಲದೆ ತಡೆಯಬಲ್ಲ ಮಟ್ಟವೇ ಸರಿಯಾದ ಮಟ್ಟ. ಮೋಟಾರಿಗಿಂತ ಮುಖ್ಯವಾದದ್ದು ಎದೆಗೆ ಹಾಕುವ ಆಲಿಕೆಯಂಥ ಭಾಗ, ಫ್ಲ್ಯಾಂಜ್. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವುದು 24 ಮಿಲಿಮೀಟರಿನದು. ಅನೇಕರಿಗೆ ಅದಕ್ಕಿಂತ ಚಿಕ್ಕದು ಬೇಕು, ಕೆಲವರಿಗೆ ದೊಡ್ಡದು, ಎರಡು ಕಡೆಗೆ ಎರಡು ಅಳತೆ ಬೇಕಾಗುವವರೂ ಇದ್ದಾರೆ. ಸ್ಕೇಲಿನಲ್ಲಿ ತೊಟ್ಟಿನ ಅಗಲವನ್ನಷ್ಟೇ, ಸುತ್ತಲಿನ ಕಪ್ಪು ಭಾಗವನ್ನು ಬಿಟ್ಟು, ಅಳೆದುಕೊಳ್ಳಬೇಕು. ತೊಟ್ಟು ಗೋಡೆಗೆ ಉಜ್ಜಿ ಬಿಳಿಚಿಕೊಂಡರೆ ಚಿಕ್ಕದಾಯಿತು. ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆದುಕೊಂಡರೆ ದೊಡ್ಡದಾಯಿತು. ಪಂಪು ಕೆಟ್ಟದೆಂದು ಮೂಲೆಗಿಡುವ ಮುನ್ನ ಇದನ್ನೊಮ್ಮೆ ನೋಡಬೇಕು. ವಾಲ್ವು ಸವೆದಿದ್ದರೂ ಎಳೆತ ತಗ್ಗುತ್ತದೆ. ಆದ್ದರಿಂದ ಬಿಡಿಭಾಗಗಳು ನಮ್ಮೂರಿನಲ್ಲಿ, ಇಲ್ಲವೇ ಎರಡು ದಿನದಲ್ಲಿ ಪಾರ್ಸೆಲಿನಲ್ಲಿ ಸಿಗುವ ಕಂಪನಿಯದನ್ನೇ ಕೊಳ್ಳುವುದು ಜಾಣತನ. ಹಾಲು ಮೋಟಾರಿನತ್ತ ನುಗ್ಗದಂತೆ ತಡೆಯಿರುವ ಮುಚ್ಚಿದ ವ್ಯವಸ್ಥೆಯದು ಉತ್ತಮ, ಏಕೆಂದರೆ ಕೊಳವೆಯೊಳಗೆ ಹಾಲು ಹೋದರೆ ಬೂಷ್ಟು ಕಟ್ಟುತ್ತದೆ. ಒಬ್ಬರ ಬಳಕೆಗೆಂದು ಮಾಡಿದ ಪಂಪನ್ನು ಇನ್ನೊಬ್ಬರಿಂದ ತಂದು ಬಳಸಬಾರದೆನ್ನುವುದೂ ಇದರಿಂದಲೇ.

ರವಿಕೆಯೊಳಗೇ ಇಟ್ಟುಕೊಳ್ಳುವ ಹೊಸ ಪಂಪುಗಳ ಬಗ್ಗೆ ಕೇಳುವವರು ಹೆಚ್ಚುತ್ತಿದ್ದಾರೆ. ಕೈ ಬಿಡುವಾಗುತ್ತದೆ, ಪಯಣದಲ್ಲೂ ಆಗುತ್ತದೆ. ಬಗ್ಗಿದರೆ ಚೆಲ್ಲುತ್ತದೆ, ಕೆಲವರಿಗೆ ಹಾಲು ಕಡಿಮೆ ಬರುತ್ತದೆ. ಎರಡನೆಯ ಪಂಪಾಗಿ ಸರಿ. ಎನ್‌ಐಸಿಯು ತಾಯಿಗೆ ಅದೊಂದನ್ನೇ ನಂಬಿಕೊಳ್ಳಲು ಹೇಳಲಾರೆ.

ಕೊಂಡ ಮೇಲಿನ ನಿತ್ಯದ ಕೆಲಸ ತೊಳೆಯುವುದು, ಯಾವ ಜಾಹೀರಾತಿನಲ್ಲೂ ಕಾಣದ ಕೆಲಸ. 2016ರಲ್ಲಿ ಅಮೆರಿಕದಲ್ಲಿ ಅವಧಿಪೂರ್ವ ಶಿಶುವೊಂದಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಮಾರಕ ಸೋಂಕು ತಗುಲಿತು. ಸರಿಯಾಗಿ ತೊಳೆದು ಒಣಗಿಸದ ಪಂಪಿನ ಭಾಗಗಳಲ್ಲಿ ಆ ರೋಗಾಣು ಪತ್ತೆಯಾಯಿತು. ಆ ದೇಶದ ರೋಗ ನಿಯಂತ್ರಣ ಕೇಂದ್ರ ತೊಳೆಯುವ ಕ್ರಮವನ್ನು ವಿವರವಾಗಿ ಪ್ರಕಟಿಸಿದ್ದು ಅದರ ನಂತರವೇ. ಪ್ರತಿ ಸಲ ಬಳಸಿದ ಮೇಲೂ ಹಾಲು ತಾಗಿದ ಭಾಗಗಳನ್ನು ಬಿಚ್ಚಿ, ಅಡುಗೆಮನೆಯ ಸಿಂಕಿನಲ್ಲಲ್ಲದೆ ಅದಕ್ಕೆಂದೇ ಇಟ್ಟ ಬೋಗುಣಿಯಲ್ಲಿ ಸೋಪು ಮತ್ತು ಬಿಸಿನೀರಿನಿಂದ ತೊಳೆದು, ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಿಸಬೇಕು. ಎರಡು ತಿಂಗಳೊಳಗಿನ ಮಗುವಿದ್ದರೆ ದಿನಕ್ಕೊಮ್ಮೆ ಕುದಿಯುವ ನೀರಿನಲ್ಲಿ ಐದು ನಿಮಿಷ. ಬೋರ್‌ವೆಲ್ಲಿನ ಗಡಸು ನೀರಿದ್ದಲ್ಲಿ ಬಿಳಿ ಪದರ ಕಟ್ಟುತ್ತದೆ. ಕುಡಿಯುವ ನೀರಿನಲ್ಲೇ ಕುದಿಸಬೇಕು. ಭಾಗಗಳು ಕಡಿಮೆಯಿರುವ ಪಂಪನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ಮೊದಲ ತಿಂಗಳುಗಳಲ್ಲಿ ಈ ತೊಳೆಯುವ ಕೆಲಸ ಗಂಡನದಾದರೆ ಅತ್ಯುತ್ತಮ.

ತೆಗೆದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಆರು ತಿಂಗಳು ಇರುತ್ತದೆ ಎಂಬುದು ಅಮೆರಿಕದ ಅದೇ ರೋಗ ನಿಯಂತ್ರಣ ಕೇಂದ್ರದ ಲೆಕ್ಕ. ಕಲಬುರಗಿ, ರಾಯಚೂರಿನ ಬೇಸಿಗೆ ನಲವತ್ತು ದಾಟುವಾಗ ನಾಲ್ಕು ಗಂಟೆಯ ಮಾತು ನಡೆಯುವುದಿಲ್ಲ. ಐಸ್ ಪ್ಯಾಕ್ ಇಟ್ಟ ಚೀಲ ಬೇಕೇ ಬೇಕು. ಕರೆಂಟು ಪದೇ ಪದೇ ಹೋಗುವ ಊರಿನಲ್ಲಿ ಫ್ರೀಜರಿನ ದಾಸ್ತಾನನ್ನು ನೆಚ್ಚಬಾರದು, ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿಮಾಡುವಂತಿಲ್ಲ. ಅಜ್ಜಿಯರಿಗೆ ಎರಡು ವಿಷಯ ಮೊದಲೇ ಹೇಳಿಡಬೇಕು. ಹಾಲೆಂದರೆ ಒಲೆಯ ಮೇಲಿಟ್ಟು ಕಾಯಿಸುವುದು ನಮ್ಮ ಅಭ್ಯಾಸ. ಎದೆಹಾಲನ್ನು ಕಾಯಿಸಬಾರದು, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಫ್ರಿಜ್ಜಿನಲ್ಲಿಟ್ಟಾಗ ಕೊಬ್ಬು ಮೇಲೆ ತೇಲಿ ಕೆಳಗೆ ತೆಳ್ಳಗೆ ಕಾಣುವುದು ಕೆಟ್ಟದ್ದರ ಗುರುತಲ್ಲ, ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ. ಪಂಪು ಕೊಂಡ ಮಾತ್ರಕ್ಕೆ ಬಾಟಲಿಯಲ್ಲೇ ಕುಡಿಸಬೇಕೆಂದೂ ಇಲ್ಲ. ಹಳೆಯ ಮನೆಗಳಲ್ಲಿ ಈಗಲೂ ಸಿಗುವ ಒಳಲೆಯನ್ನೇ ಆಸ್ಪತ್ರೆಗಳು ಪಲಾಡೆ ಎಂಬ ಹೆಸರಿನಲ್ಲಿ ಬಳಸುತ್ತವೆ. ತೊಳೆಯಲು ಸುಲಭ, ರಬ್ಬರ್ ತೊಟ್ಟಿಗೆ ಒಗ್ಗಿ ಮಗು ಎದೆಯನ್ನು ಬಿಡುವ ಭಯವೂ ಕಡಿಮೆ.

ಇಷ್ಟೆಲ್ಲ ಹೇಳಿದ್ದು ಪಂಪು ಕೊಳ್ಳಬಲ್ಲವರ ಮಾತಾಯಿತು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ತಾಯಿಗೆ, ಮನೆಗೆಲಸಕ್ಕೆ ಹೋಗುವವರಿಗೆ, ಕೂಲಿಗೆ ಹೋಗುವವರಿಗೆ ಎದೆ ಬಿಗಿಯುವುದೂ ಹಾಲು ಸೋರುವುದೂ ಹಾಗೇ ಇರುತ್ತದೆ. ಅವರಲ್ಲಿ ಬಹಳ ಮಂದಿಗೆ 26 ವಾರದ ರಜೆ ಕನಸಿನ ಮಾತು. ಉದ್ಯೋಗ ಖಾತ್ರಿಯ ಹೆಂಗಸರಿಗಾಗಿ ಗ್ರಾಮ ಪಂಚಾಯ್ತಿಗಳಲ್ಲಿ ತೆರೆದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಒಳ್ಳೆಯ ಹೆಜ್ಜೆ. ಮಗು ಹತ್ತಿರದಲ್ಲೇ ಇದ್ದರೆ ಯಂತ್ರವೇ ಬೇಕಿಲ್ಲ. ಮಗು ದೂರವಿರುವವರಿಗೆ ಖರ್ಚಿಲ್ಲದ ದಾರಿ ಕೈಯೊಂದೇ. ಕೈ ತೊಳೆದು, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಇಟ್ಟು, ಮೊದಲು ಎದೆಗೂಡಿನತ್ತ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಬಿಡುವುದು. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಹಿಂಡಬಾರದು, ಬೆರಳಿನ ಜಾಗ ಬದಲಿಸುತ್ತ ಸುತ್ತ ಬರಬೇಕು. ಮೊದಲ ಒಂದೆರಡು ನಿಮಿಷ ಏನೂ ಬಾರದಿದ್ದರೂ ಬಿಡಬಾರದು. ಕಲಿಸುವವರಿದ್ದರೆ ಒಂದೆರಡು ದಿನದಲ್ಲಿ ಬರುವ ವಿದ್ಯೆ. ಆಸ್ಪತ್ರೆಯಲ್ಲಿ ಹೆತ್ತು ಬಂದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ 42ನೆಯ ದಿನದೊಳಗೆ ಆರು ಸಲ ಬರಬೇಕೆಂಬುದು ಸರ್ಕಾರದ ನವಜಾತ ಶಿಶು ಆರೈಕೆಯ ಕ್ರಮ. ಮೂರನೆಯ ದಿನವೆಂದರೆ ಎದೆ ತುಂಬಿಕೊಳ್ಳುವ ಹೊತ್ತು. ಆ ಭೇಟಿಯಲ್ಲಿ ಮಗುವಿನ ತೂಕ ನೋಡುವುದರ ಜೊತೆಗೆ ಹಾಲು ತೆಗೆಯುವುದನ್ನೂ ಪಕ್ಕದಲ್ಲಿ ಕೂತು ಕಲಿಸಿಕೊಡಬೇಕು. ಅದಕ್ಕೆ ಬೇಕಾದ ತರಬೇತಿಯನ್ನೂ ಸಮಯವನ್ನೂ ಅವರಿಗೆ ಕೊಡಬೇಕು.